‘ಎಣ್ಣಿ ಹಾಕ್ಲೇನ್ರಿ?’ – ತೋಟದ ಆಡುಮಾತಿನ ಒಂದು ಲೆಕ್ಕ

ನನ್ನ 240 ಅಡಿಕೆ ಸಸಿಗಳು ಒಂದು ಮಾತಿನ ದೆಸೆಯಿಂದ ಸತ್ತವು. ಕೇಳಿದವರೆಲ್ಲ ನಗುತ್ತಾರೆ. ಈಗ ನಾನೂ ನಗುತ್ತೇನೆ. ಆ ವರ್ಷ ಮಾತ್ರ ನಗು ಬಂದಿರಲಿಲ್ಲ.

ನಮ್ಮದು ಸುಳ್ಯದ ಕಡೆ ಗುಡ್ಡದ ಬುಡದಲ್ಲಿ ಮೂರು ಎಕರೆ ಚಿಲ್ಲರೆ ಜಾಗ. ಅಡಿಕೆಯೇ ಮುಖ್ಯ. ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಬದಿಯಲ್ಲಿ ನಾಲ್ಕು ತೆಂಗು. ಊರಿನಲ್ಲಿ ಕೆಲಸಕ್ಕೆ ಜನ ಸಿಗುವುದು ಕಡಿಮೆಯಾದ ಮೇಲೆ ಗದಗದ ಕಡೆಯಿಂದ ಬಂದ ಅಣ್ಣತಮ್ಮಂದಿರಿಬ್ಬರು ನಮಗೂ ನೆರೆಮನೆಯವರಿಗೂ ಸೇರಿ ಕೆಲಸ ಮಾಡುತ್ತಾರೆ. ಗುಂಡಿ ತೆಗೆಯಲಿ, ಕಣಿ ತೋಡಲಿ, ಹೇಳಿದ್ದಕ್ಕಿಂತ ಒಂದು ಹಾರೆ ಹೆಚ್ಚೇ. ತಮ್ಮನಿಗೆ ಅದು ನಮ್ಮಲ್ಲಿ ಮೊದಲ ಮಳೆಗಾಲ.

ಜೂನ್ ಕೊನೆ. ತೊಟ್ಟೆಯಲ್ಲಿದ್ದ ಸಸಿಗಳ ಎಲೆಯಲ್ಲಿ ಚುಕ್ಕಿ ಕಂಡಿತು. ಬೋರ್ಡೋ ಬಿಡುವ ಅಂತ ಒಂದು ಬಕೆಟ್ಟಿನಲ್ಲಿ ಮೈಲುತುತ್ತು ಕರಗಿಸಿ, ಇನ್ನೊಂದರಲ್ಲಿ ಸುಣ್ಣ ನೆನೆಸಿ ಅಂಗಳದ ಬದಿಯಲ್ಲಿ ಇಟ್ಟಿದ್ದೆ. ಅಷ್ಟರಲ್ಲಿ ಸೊಸೈಟಿಗೆ ಹೋಗಬೇಕಾಗಿ ಬಂತು. ಹೊರಡುವ ಅವಸರದಲ್ಲಿ ತಮ್ಮನಿಗೆ, ‘ಸಸಿಗೆ ಮದ್ದು ಬಿಡು’ ಅಂದೆ.

ಅವನು ಕೇಳಿದ, ‘ಎಣ್ಣಿ ಹಾಕ್ಲೇನ್ರಿ ಅಣ್ಣಾರ?’

ನಮ್ಮ ಸ್ಪ್ರೇಯರ್ ಬೆನ್ನಿಗೆ ಹಾಕುವಂಥದ್ದು, ಟೂ ಸ್ಟ್ರೋಕ್ ಎಂಜಿನಿನದು. ಪೆಟ್ರೋಲಿಗೆ ಎಣ್ಣೆ ಬೆರೆಸದಿದ್ದರೆ ಎಂಜಿನು ಹಿಡಿದುಬಿಡುತ್ತದೆ. ಒಮ್ಮೆ ಹಾಗಾಗಿ ನಾನು ಸಾಕಷ್ಟು ದುಡ್ಡು ತೆತ್ತವನು. ಹುಡುಗನಿಗೆ ಎಷ್ಟು ಜಾಗ್ರತೆ ಅಂತ ಖುಷಿಯಾಯಿತು. ‘ಹೌದು ಹೌದು, ಎಣ್ಣೆ ಹಾಕದೆ ಬಿಡಲೇಬೇಡ. ಶೆಡ್ಡಿನಲ್ಲಿ ಉಂಟು’ ಅಂತ ಹೇಳಿ ಹೋದೆ.

ಸಂಜೆ ಬಂದು ನೋಡುತ್ತೇನೆ, ಎರಡೂ ಬಕೆಟ್ಟು ಇಟ್ಟಲ್ಲೇ ಇವೆ. ನೀಲಿ ನೀರು ನೀಲಿಯಾಗಿಯೇ, ಸುಣ್ಣ ತಳ ಹಿಡಿದು ಬೆಳ್ಳಗೆ. ‘ಮದ್ದು ಬಿಡಲಿಲ್ವಾ?’ ಅಂದರೆ, ‘ಹೊಡದೀನ್ರಿ, ಎಲ್ಲಾ ಸಸಿಗೂ ಹೊಡದೀನಿ’ ಅಂದ. ಶೆಡ್ಡಿಗೆ ಓಡಿದೆ. ದಾರಿ ಬದಿಯ ಹುಲ್ಲಿಗೆ ಅಂತ ತಂದಿಟ್ಟ ಕಳೆನಾಶಕದ ಕ್ಯಾನು ಹಗುರಾಗಿತ್ತು.

ಅವನ ಊರಿನಲ್ಲಿ ‘ಎಣ್ಣಿ’ ಅಂದರೆ ಬೆಳೆಗೆ ಹೊಡೆಯುವ ವಿಷ. ಹತ್ತಿಗೆ ಎಣ್ಣಿ, ಮೆಣಸಿನಕಾಯಿಗೆ ಎಣ್ಣಿ. ಡಬ್ಬಿಯಲ್ಲಿ ಬರುವ ಬಹಳಷ್ಟು ಕೀಟನಾಶಕ ನೋಡಲಿಕ್ಕೂ ಎಣ್ಣೆಯ ಹಾಗೆಯೇ ಇರುತ್ತದಲ್ಲ. ನೀಲಿ ನೀರಿಗೂ ಸುಣ್ಣಕ್ಕೂ ಅವನ ಲೆಕ್ಕದಲ್ಲಿ ಎಣ್ಣಿಯ ಸಂಬಂಧವೇ ಇಲ್ಲ. ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಹೌದು ಅಂದವನು ನಾನು. ಇದ್ದದ್ದೂ ಶೆಡ್ಡಿನಲ್ಲೇ.

ರಾತ್ರಿ ಟಾರ್ಚು ಹಿಡಿದು ಪೈಪಿನಲ್ಲಿ ನೀರು ಬಿಟ್ಟು ಸಸಿಗಳನ್ನು ತೊಳೆದೆವು. ಪ್ರಯೋಜನವಾಗಲಿಲ್ಲ. ಹತ್ತು ದಿನಕ್ಕೆ ಸುಳಿ ಹಳದಿ. ತಿಂಗಳಾಗುವಾಗ ಒಣಕಡ್ಡಿ. ಒಂದೂವರೆ ವರ್ಷ ನೀರು ಹೊಯ್ದು ಸಾಕಿದ್ದು. ಹುಡುಗ ಬರಿಗೈಯಲ್ಲಿ ಕಲಸಿದ್ದ, ಮೂಗಿಗೆ ಬಟ್ಟೆ ಇರಲಿಲ್ಲ. ಅವನಿಗೆ ಏನೂ ಆಗಲಿಲ್ಲ ಅನ್ನುವುದೇ ನನ್ನ ಪುಣ್ಯ. ಸಸಿ ಇನ್ನೊಮ್ಮೆ ಮಾಡಬಹುದು.

ಮದ್ದು ಯಾವುದು?

ಅಂದಿನಿಂದ ತೋಟದ ಮಾತುಗಳನ್ನು ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡಲಿಕ್ಕೆ ಸುರುಮಾಡಿದೆ. (ಹಾಳೆ ಅನ್ನುವುದೂ ನಮ್ಮ ಮರದ್ದೇ. ಅಡಿಕೆಯ ಸೋಗೆಯೊಂದಿಗೆ ಬೀಳುವ ಹಾಳೆ, ಹಳಗನ್ನಡದ ಪಾಳೆ. ಕಾಗದಕ್ಕೂ ಅದೇ ಹೆಸರು.) ಮೊದಲು ಬರೆದದ್ದು ‘ಮದ್ದು’.

ತಮಿಳಿನಲ್ಲಿ ಮರುಂದು, ಮಲಯಾಳದಲ್ಲಿ ಮರುನ್ನು, ತುಳುವಿನಲ್ಲಿ ಮರ್ದು. ಹಳಗನ್ನಡದಲ್ಲೂ ಮರ್ದು ಅಂತಲೇ ಇತ್ತು. ನಾವು ಅದನ್ನು ಮದ್ದು ಮಾಡಿಕೊಂಡೆವು. ಮೂಲದಲ್ಲಿ ರೋಗ ಗುಣಮಾಡುವ ವಸ್ತು. ಆಮೇಲೆ ಬಂದೂಕಿಗೆ ತುಂಬಿಸುವುದೂ ಮದ್ದಾಯಿತು, ಮದ್ದುಗುಂಡು ಅನ್ನುವುದು ಅದರಿಂದ. ಆಗದವರು ಊಟದಲ್ಲಿ ಬೆರೆಸಿ ಕೊಡುತ್ತಾರೆ ಅನ್ನುವುದೂ ಮದ್ದು. ಘಟ್ಟದ ಮೇಲೆ ‘ಮದ್ದು ಹಾಕಿದ್ದಾರೆ’ ಅಂದರೆ ಆ ಅರ್ಥ. ಹೀಗೆ ಒಂದೇ ಶಬ್ದದೊಳಗೆ ಬದುಕಿಸುವುದೂ ಕೊಲ್ಲುವುದೂ ಎರಡೂ ಕೂತಿವೆ.

ತೋಟಕ್ಕೆ ಬಂದರೆ ಇನ್ನೂ ಗೊಂದಲ. ಬೋರ್ಡೋ ಬಿಡುವುದು ಮದ್ದು ಬಿಡುವುದು. ಬಾಳೆಯ ಹುಳಕ್ಕೆ ಹಾಕುವುದೂ ಮದ್ದು. ಹುಲ್ಲು ಸಾಯಲಿಕ್ಕೆ ಬಿಡುವುದು ‘ಕಳೆ ಮದ್ದು’. ಅಜ್ಜಿ ರಾತ್ರಿ ಉಂಡ ಮೇಲೆ ಕುಡಿಯುವುದೂ ಮದ್ದು.

ಈ ಕೊನೆಯದು ತಮಾಷೆಗೆ ಹೇಳಿದ್ದಲ್ಲ. ಸಸಿ ಸಾಯುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಬಾಳೆಗೆ ಹಾಕಿ ಉಳಿದ ಕೀಟನಾಶಕವನ್ನು ಒಂದು ಸಣ್ಣ ಕುಪ್ಪಿಗೆ ಹೊಯ್ದು ಜಗಲಿಯ ಕಿಟಿಕಿಯ ಮೇಲೆ ಇಟ್ಟಿದ್ದೆ. ನಾಳೆ ಬೇಕಾಗುತ್ತದೆ ಅಂತ. ಅಮ್ಮನಿಗೆ ಕೆಮ್ಮು. ಮಗಳಿಗೆ ಆಗ ಏಳು ವರ್ಷ. ‘ಮಗಾ, ಆ ಮದ್ದಿನ ಕುಪ್ಪಿ ತಾ’ ಅಂತ ಅಮ್ಮ ಒಳಗಿನಿಂದ ಹೇಳಿದರು. ಮಗಳು ಕಿಟಿಕಿಯ ಕುಪ್ಪಿ ತಂದು ಕೊಟ್ಟಳು. ಬಣ್ಣವೂ ಹೆಚ್ಚು ಕಡಿಮೆ ಅದೇ. ಅಮ್ಮ ಬಿರಡೆ ತೆಗೆದವರು ವಾಸನೆಗೆ ಮುಖ ತಿರುಗಿಸಿದರು. ಅಷ್ಟರಲ್ಲಿ ಮುಗಿಯಿತು. ನನಗೆ ಬೈದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಮಗುವಿನದು ಎಂತ ತಪ್ಪು? ಆ ಕುಪ್ಪಿಯನ್ನು ಮನೆಯಲ್ಲಿ ನಾವೆಲ್ಲ ಮದ್ದು ಅಂತಲೇ ಹೇಳುತ್ತಿದ್ದೆವು.

ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ನಮ್ಮ ಜಿಲ್ಲೆಯ ಕೊಕ್ಕಡ, ಪಟ್ರಮೆ ಕಡೆಯ ಗೇರುತೋಪುಗಳಿಗೂ ಅದೇ ಸಿಂಪರಣೆ. ಜನ ಅದನ್ನು ಕರೆದದ್ದು ‘ಗೇರಿಗೆ ಮದ್ದು ಬಿಡುವುದು’ ಅಂತ. ಮಕ್ಕಳು ಹೆಲಿಕಾಪ್ಟರ್ ನೋಡಲಿಕ್ಕೆ ಅಂಗಳಕ್ಕೆ ಓಡಿ ಬರುತ್ತಿದ್ದರು. ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದನ್ನು ತಡೆದದ್ದು 2011ರಲ್ಲಿ. ಬಾವಿಗೆ ಮುಚ್ಚಿಗೆ ಹಾಕಿ, ಮಕ್ಕಳನ್ನು ಒಳಗೆ ಕೂರಿಸಿ ಅಂತ ಹೇಳುವುದಕ್ಕೆ ‘ಮದ್ದು’ ಅನ್ನುವ ಶಬ್ದಕ್ಕೆ ಬಾಯಿ ಇರಲಿಲ್ಲ ಅಂತ ನನಗೆ ಈಗ ಅನಿಸುತ್ತದೆ. ಅದೇ ಜನ ‘ವಿಷ ಬಿಡುತ್ತಾರಂತೆ’ ಅಂತ ಕೇಳಿದ್ದರೆ?

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ನೇರ. ಇಲಿಗೆ ಇಡುವುದನ್ನು ಅವರು ಇಲಿಮದ್ದು ಅನ್ನಲಿಲ್ಲ, ಇಲಿಪಾಷಾಣ ಅಂದರು. ಆ ಹೆಸರು ಕೇಳಿದರೆ ಮಕ್ಕಳು ಆ ಕಡೆ ಹೋಗುತ್ತಿರಲಿಲ್ಲ. ಆಮೇಲೆ ಬಿಎಚ್‌ಸಿ ಪುಡಿ ಬಂತು. ಅದನ್ನು ಗಮಾಕ್ಸಿನ್ ಅಂತ ಕರೆದು ಬತ್ತದ ಪತ್ತಾಯದ ಸುತ್ತ, ನಾಯಿಯ ಮೈಗೆ, ಎಲ್ಲಿಗೆ ಬೇಕೋ ಅಲ್ಲಿಗೆ ಕೈಯಲ್ಲೇ ಎರಚಿದೆವು. 1997ರಲ್ಲಿ ಅದು ನಿಷೇಧವಾಯಿತು. ಹೆಸರಿನಲ್ಲಿ ಹೆದರಿಕೆ ಇಲ್ಲದ್ದು ಕೈಗೆ ಬೇಗ ಬರುತ್ತದೆ.

ಗದಗದ ಹುಡುಗರ ಹತ್ತಿರ ಕೇಳಿದೆ, ನಿಮ್ಮಲ್ಲಿ ಎಣ್ಣೆ ಅಂದರೆ ಅಡುಗೆ ಎಣ್ಣೆ, ತಲೆಗೆ ಹಚ್ಚುವ ಎಣ್ಣೆ ಎಲ್ಲ ಉಂಟಲ್ಲ, ಗೊಂದಲ ಆಗುವುದಿಲ್ಲವಾ? ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, ‘ನಮ್ಮ ಕಡೆ ಎಣ್ಣಿ ಕುಡದ ಅಂದ್ರ ಒಂದ ಅರ್ಥ ರೀ.’ ಸಾಲ ಹೆಚ್ಚಾದವನು ಎಣ್ಣಿ ಕುಡಿದ. ಬೆಳೆ ಕೈಕೊಟ್ಟವನು ಎಣ್ಣಿ ಕುಡಿದ. ಪೇಟೆಯ ಹುಡುಗರ ಬಾಯಲ್ಲಿ ‘ಎಣ್ಣೆ ಹೊಡೆಯುವುದು’ ಅಂದರೆ ಶರಾಬು ಕುಡಿಯುವುದು. ಒಂದೇ ಮಾತು ಬೆಂಗಳೂರಿನಲ್ಲಿ ನಗಿಸುತ್ತದೆ, ಹತ್ತಿಯ ಹೊಲದ ಊರಿನಲ್ಲಿ ಮನೆಯವರನ್ನು ಆಸ್ಪತ್ರೆಗೆ ಓಡಿಸುತ್ತದೆ.

ನಮ್ಮ ಮನೆಯಲ್ಲಿ ಈಗ ಕಟ್ಟುನಿಟ್ಟು. ಮನುಷ್ಯರಿಗೂ ದನಕ್ಕೂ ಕೊಡುವುದು ಮಾತ್ರ ಮದ್ದು. ಡಬ್ಬಿಯಲ್ಲಿ ಬಣ್ಣದ ತ್ರಿಕೋನ ಇರುವುದೆಲ್ಲ ‘ವಿಷ’. ಹುಲ್ಲಿನ ವಿಷ, ಹುಳದ ವಿಷ. ತ್ರಿಕೋನ ನೋಡಿದ್ದೀರಲ್ಲ? ಕೆಂಪು ಎಲ್ಲಕ್ಕಿಂತ ಕಟುವಾದದ್ದು. ಹಳದಿ ಅದಕ್ಕಿಂತ ಕಡಿಮೆ, ನೀಲಿ ಮತ್ತೂ ಕಡಿಮೆ, ಹಸಿರು ಕೊನೆಯದು. ಹಸಿರು ಇದ್ದರೆ ಏನೂ ಆಗುವುದಿಲ್ಲ ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ, ಅದರಲ್ಲೂ ಜಾಗ್ರತೆ ಬೇಕು.

ಬೋರ್ಡೋಗೆ ಏನು ಹೇಳುವುದು ಅನ್ನುವಲ್ಲಿ ಸ್ವಲ್ಪ ಚರ್ಚೆ ಆಯಿತು. ‘ತುತ್ತು’ ಅನ್ನುವ ಅಂತ ನಾನು. ‘ಸರಿ, ತುತ್ತು ಕಲಸಿಟ್ಟಿದ್ದೇನೆ ಅಂದರೆ ಊಟಕ್ಕೆ ಕರೆದದ್ದು ಅಂತ ಬಂದಾರು’ ಅಂದಳು ಹೆಂಡತಿ. ಅವಳು ಹೇಳಿದ್ದು ಸರಿ. ಬೋರ್ಡೋ ಅಂತಲೇ ಇಟ್ಟುಕೊಂಡೆವು. ಮೈಲುತುತ್ತು ಹೊಟ್ಟೆಗೆ ಹೋದರೆ ಅದೂ ವಿಷವೇ.

ವಿಷ ಅಂತ ಹೇಳಲಿಕ್ಕೆ ಸುರುಮಾಡಿದ ಮೇಲೆ ಒಂದು ಬದಲಾವಣೆ ಕಂಡೆ. ನಾನು ಹೇಳದೆಯೇ ಹುಡುಗರು ಕೈ ತೊಳೆಯುತ್ತಾರೆ. ಬೀಡಿ ಸೇದುವ ಮೊದಲು ಸಾಬೂನು ಕೇಳುತ್ತಾರೆ. ಮೂರು ವರ್ಷ ‘ಮದ್ದು ಬಿಡುವಾಗ ಕೈ ತೊಳೆಯಿರಿ’ ಅಂತ ಹೇಳಿ ಹೇಳಿ ಆಗದ್ದು.

ನವಿಲಿನ ಬಣ್ಣ, ಫ್ರಾನ್ಸಿನ ಊರು

ಮೈಲುತುತ್ತು ಅನ್ನುವ ಹೆಸರೇ ಚಂದ. ತಾಮ್ರದ ಈ ಉಪ್ಪಿಗೆ ಸಂಸ್ಕೃತದಲ್ಲಿ ತುತ್ಥ, ಮಯೂರತುತ್ಥ ಅಂತ ಹೆಸರು. ನವಿಲಿನ ಕೊರಳಿನ ಬಣ್ಣ ಅದಕ್ಕೆ. ಮಯಿಲ್ ಅಂದರೆ ತಮಿಳು, ಮಲಯಾಳದಲ್ಲಿ ನವಿಲು. ಎರಡೂ ಸೇರಿ ನಮ್ಮ ಬಾಯಲ್ಲಿ ಮೈಲುತುತ್ತು. ಬೋರ್ಡೋ ಫ್ರಾನ್ಸಿನ ಒಂದು ಊರು, ದ್ರಾಕ್ಷಿಗೆ ಹೆಸರಾದದ್ದು. ದಾರಿಹೋಕರು ದ್ರಾಕ್ಷಿ ಕದಿಯುತ್ತಾರೆ ಅಂತ ಅಲ್ಲಿನ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ತುತ್ತು, ಸುಣ್ಣ ಕಲಸಿ ಎರಚುತ್ತಿದ್ದರು. ನೋಡಿದರೆ ತಿನ್ನಲಿಕ್ಕೆ ಮನಸ್ಸು ಬರಬಾರದು ಅಂತ. ಎರಚಿದ ಬಳ್ಳಿಗೆ ಬೂಷ್ಟುರೋಗ ಬರಲಿಲ್ಲ. ಮಿಲಾರ್ಡೆ ಎಂಬ ವಿಜ್ಞಾನಿ ಇದನ್ನು ಗಮನಿಸಿ 1885ರಲ್ಲಿ ಪ್ರಕಟಿಸಿದರು. ಕಳ್ಳರ ಹೆದರಿಕೆಯಿಂದ ಹುಟ್ಟಿದ್ದು ನಮ್ಮ ಅಡಿಕೆ ಉಳಿಸುತ್ತಿದೆ.

ಶೇಕಡಾ ಒಂದರ ಬೋರ್ಡೋ ಅಂದರೆ 1 ಕಿಲೋ ತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಎಲ್ಲರಿಗೂ ಗೊತ್ತು. ಸುಣ್ಣ ಒಳ್ಳೆಯದಿಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಹಿರಿಯರು ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಅದ್ದಿ ‘ಹದ ನೋಡುವುದು’. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಹದ ಅನ್ನುವ ಎರಡಕ್ಷರದಲ್ಲಿ ಒಂದು ಪ್ರಯೋಗಶಾಲೆಯೇ ಉಂಟು.

ನಮ್ಮ ಮಾತು ಪರದೇಶಕ್ಕೆ ಹೋದದ್ದೂ ಇದೆ. ಕಾಸರಗೋಡಿನ ಕಡೆ ಮಹಾಳಿ ಅನ್ನುತ್ತಾರಲ್ಲ, ಆ ಕೊಳೆರೋಗಕ್ಕೆ ಇಂಗ್ಲಿಷಿನ ಪುಸ್ತಕಗಳಲ್ಲೂ ಕೊಳೆರೋಗ ಅಂತಲೇ ಹೆಸರು. ಮೈಸೂರು ಸರಕಾರ ಕೆನಡಾದಿಂದ ಕರೆಸಿಕೊಂಡ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗದ ಮೇಲೆ ಪುಸ್ತಿಕೆ ಪ್ರಕಟಿಸಿದ್ದು 1910ರಲ್ಲಿ. ಹೆಸರನ್ನು ಅವರು ಬದಲಾಯಿಸಲಿಲ್ಲ. ಕಾಫಿಯಲ್ಲಿ ಎಲೆ ಕೊಳೆತು ನೇತಾಡುವ ರೋಗಕ್ಕೆ ಇನ್ನೂ ಮೊದಲು, 1876ರಲ್ಲಿ, ಎಂ.ಸಿ. ಕುಕ್ ಎಂಬವರು ಇಟ್ಟ ಶಾಸ್ತ್ರೀಯ ಹೆಸರು ಪೆಲಿಕ್ಯುಲೇರಿಯಾ ಕೊಳೆರೋಗ. ಅಡಿಕೆಯ ಶಾಸ್ತ್ರೀಯ ಹೆಸರಿನ ‘ಅರೆಕಾ’ ಕೂಡ ಪೋರ್ಚುಗೀಸರು ಮಲಬಾರಿನಲ್ಲಿ ‘ಅಡಕ್ಕ’ ಎಂಬುದನ್ನು ಕೇಳಿ ತಮ್ಮ ಬಾಯಿಗೆ ಬಂದ ಹಾಗೆ ಹೇಳಿದ್ದು. ತೋಟದವರ ಮಾತು ವಿಜ್ಞಾನಕ್ಕೆ ಆಗುವುದಿಲ್ಲ ಅಂತ ಯಾರಾದರೂ ಮೂಗು ಮುರಿದರೆ ಇಷ್ಟು ಹೇಳಿ.

ಮುತ್ತಲ್ಲ, ಮೋಟಿ

ಗೊತ್ತಿಲ್ಲದ ಮಾತಿಗೆ ಹೌದು ಅಂದು ನಷ್ಟ ಮಾಡಿಕೊಂಡದ್ದು ನನಗೆ ಅದೇ ಮೊದಲಲ್ಲ. ಅಪ್ಪ ತೀರಿಕೊಂಡ ಮೇಲೆ ಅಡಿಕೆ ಮಾರಲಿಕ್ಕೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿಯವರೆಗೆ ಗೋಣಿ ಹೊತ್ತದ್ದು ಮಾತ್ರ ಗೊತ್ತು. ಅಂಗಡಿಯವರು ಗೋಣಿಗೆ ಕೈ ಹಾಕಿ, ಒಂದು ಮುಷ್ಟಿ ತೆಗೆದು, ‘ಪಟೋರ ತುಂಬ ಉಂಟು ಮಾರಾಯ್ರೆ’ ಅಂದರು. ನಾನು ತಲೆಯಾಡಿಸಿದೆ. ಪಟೋರ ಅಂದರೆ ಎಂತ ಅಂತ ಕೇಳಲಿಕ್ಕೆ ನಾಚಿಕೆ. ಅಡಿಕೆ ಕೃಷಿಕನ ಮಗ, ಪಟೋರ ಗೊತ್ತಿಲ್ಲವಂತೆ ಅಂತ ಆದೀತಲ್ಲ. ಇಡೀ ಗೋಣಿಗೆ ಕ್ರಯ ಇಳಿಸಿದರು. ಮೂರು ವರ್ಷ ಹೀಗೇ ಆಯಿತು. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಅಂತ ಗಾದೆ. ನಾನು ಮಾನಕ್ಕೆ ಅಂಜಿ ಅಡಿಕೆ ಕಳಕೊಂಡವನು.

ಕಲಿಸಿದ್ದು ನಮ್ಮಲ್ಲಿ ಸುಲಿಯಲಿಕ್ಕೆ ಬರುತ್ತಿದ್ದ ಅಜ್ಜಿ. ಅವರಿಗೆ ಓದು ಬರುತ್ತಿರಲಿಲ್ಲ. ಸುಲಿಯುವ ಕತ್ತಿಯ ಎದುರು ಕೂತು ನಾಲ್ಕು ರಾಶಿ ಮಾಡಿ ತೋರಿಸಿದರು. ಇದು ಒಡೆದದ್ದು, ಪಟೋರ. ಇದು ನೀರುಳ್ಳಿಯ ಹಾಗೆ ಪದರ ಬಿಟ್ಟದ್ದು, ಉಳ್ಳಿಗಡ್ಡೆ. ಇದು ಕಪ್ಪಾದದ್ದು, ಕರಿಗೋಟು. ಇದು ಒಳಗೆ ಕೆಟ್ಟದ್ದು, ಕೋಕ. ‘ಬೇರೆ ಬೇರೆ ಮಾಡಿ ಕೊಂಡುಹೋಗಿ ಅಣ್ಣ. ಒಟ್ಟಿಗೆ ಹಾಕಿದರೆ ಒಳ್ಳೆಯದಕ್ಕೂ ಪಟೋರದ ಕ್ರಯ’ ಅಂದರು. ಆ ವರ್ಷದಿಂದ ಹೆಕ್ಕಿ ಬೇರೆ ಮಾಡಿಯೇ ಕೊಂಡುಹೋಗುತ್ತೇನೆ. ಅಂಗಡಿಯವರು ಪಟೋರ ಅಂದರೆ, ಅದು ಬೇರೆ ಗೋಣಿಯಲ್ಲಿ ಉಂಟು ಅನ್ನುತ್ತೇನೆ.

ಉಳ್ಳಿಗಡ್ಡೆ ಅನ್ನುವುದು ನೋಡಿ. ನಾವು ಈ ಕಡೆಯವರು ನೀರುಳ್ಳಿ ಅನ್ನುವವರು. ಉಳ್ಳಿಗಡ್ಡೆ ಉತ್ತರ ಕರ್ನಾಟಕದ ಮಾತು. ನಮ್ಮ ಮಾರುಕಟ್ಟೆಯಲ್ಲಿ ಅಡಿಕೆಯ ಮೈಮೇಲೆ ಬಂದು ಕೂತಿದೆ. ಗದಗದ ಹುಡುಗ ಮೊದಲ ಸಲ ಕೇಳಿದಾಗ, ಇಲ್ಲಿ ಉಳ್ಳಾಗಡ್ಡಿನೂ ಬೆಳಿತಾರೇನ್ರಿ ಅಂದ.

ಬಿಳಿ ಅಡಿಕೆ ಇಲ್ಲಿಂದ ಉತ್ತರಕ್ಕೆ ಹೋಗುವಾಗ ಗಾತ್ರ ನೋಡಿ ಮೋಟಿ, ಶ್ರೀವರ್ಧನ್, ಜಾಮ್, ಜಿನಿ ಅಂತ ವಿಂಗಡಿಸುತ್ತಾರೆ. ಅಪ್ಪ ಮೋಟಿಯನ್ನು ಮೋತಿ ಅಂತ, ಅಂದರೆ ಮುತ್ತು ಅಂತ ತಿಳಿದಿದ್ದರು. ‘ನಮ್ಮದು ಮುತ್ತಿನಂಥ ಅಡಿಕೆ’ ಅಂತ ಹೇಳಿಕೊಳ್ಳುತ್ತಿದ್ದರು. ಗುಜರಾತಿಯಲ್ಲಿ ಮೋಟಿ ಅಂದರೆ ದೊಡ್ಡದು, ದಪ್ಪದ್ದು. ಜೀಣಿ ಅಂದರೆ ಸಣ್ಣದು. ಶ್ರೀವರ್ಧನ ಮಹಾರಾಷ್ಟ್ರದ ಕರಾವಳಿಯ ಒಂದು ಊರು, ಅಲ್ಲಿಯ ಅಡಿಕೆಗೆ ಹಿಂದಿನಿಂದ ಹೆಸರು. ಕೊಳ್ಳುವವರ ಭಾಷೆಯೇ ಮಾಲಿಗೆ ಹೆಸರಾಗುತ್ತದೆ. ಬೆಳೆದವನಿಗೆ ಅದು ಗೊತ್ತಿರಬೇಕು, ಅಷ್ಟೇ. 1973ರಲ್ಲಿ ಕ್ಯಾಂಪ್ಕೋ ಹುಟ್ಟಿ ಬೆಳೆಗಾರರದ್ದೇ ಸಂಸ್ಥೆ ಅಡಿಕೆ ಕೊಳ್ಳಲಿಕ್ಕೆ ಸುರುಮಾಡಿದ ಮೇಲೂ ಈ ಹೆಸರುಗಳು ಹೋಗಲಿಲ್ಲ.

ಘಟ್ಟ ಹತ್ತಿದರೆ ಬೇರೆಯೇ ಪಾಠ. ತಂಗಿಯನ್ನು ಸಾಗರದ ಕಡೆ ಕೊಟ್ಟಿದ್ದೇವೆ. ಅವರದು ಬೇಯಿಸುವ ಕೆಂಪಡಿಕೆ. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಲ್ಲಿಯ ಹೆಸರು. ನಾವು ಗೊನೆ ಅಂದರೆ ಅವರು ಕೊನೆ ಅನ್ನುತ್ತಾರೆ, ಕೊನೆ ತೆಗೆಯುವವನು ಕೊನೆಗಾರ. ಚೊಗರು ಅಂದರೆ ನಮಗೆ ಬಾಯಿ ಒಗರಾಗುವ ರುಚಿ. ಅವರಿಗೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸ, ಮುಂದಿನ ಅಡಿಕೆಗೆ ಬಣ್ಣ ಕೊಡುವಂಥದ್ದು, ಪಾತ್ರೆಯಲ್ಲಿ ಕಾದಿಡುವಂಥದ್ದು. ಒಮ್ಮೆ ಭಾವ ‘ಈ ಸಲ ಚೊಗರು ರಾಶಿ ಚೊಲೋ ಬಂತು’ ಅಂದರು. ನನಗೆ ಅದರಲ್ಲಿ ಒಂದು ಶಬ್ದವೂ ಸರಿಯಾಗಿ ಅರ್ಥವಾಗಲಿಲ್ಲ. ಅವರ ಬಾಯಲ್ಲಿ ರಾಶಿ ಅಂದರೆ ‘ಬಹಳ’ ಅಂತಲೂ ಆಗುತ್ತದೆ. ಕೊಳೆಯಿಂದ ಉಳಿಸಲಿಕ್ಕೆ ಅವರು ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಈಗ ಶಿರಸಿ ಕಡೆ ಪೇಟೆಯ ಚೀಲಕ್ಕೂ ಪ್ಲಾಸ್ಟಿಕ್ ಕೊಟ್ಟೆ ಅಂತಲೇ ಹೆಸರು.

ಪೇಪರಿನಲ್ಲಿ ‘ಸುಪಾರಿ ಕೊಲೆ’ ಅಂತ ಓದುವಾಗ ಮಾತ್ರ ನನಗೆ ಬೇಸರ. ಮಾತು ಗಟ್ಟಿಯಾಯಿತು ಅನ್ನುವುದಕ್ಕೆ ಎಲೆ ಅಡಿಕೆ ಕೊಡುವುದು ಹಿಂದಿನಿಂದ ಬಂದದ್ದು. ಮದುವೆ ನಿಶ್ಚಯಕ್ಕೆ ತಾಂಬೂಲ ಬದಲಾಯಿಸುತ್ತೇವೆ. ಯುದ್ಧಕ್ಕೆ ಕರೆಯುವುದು ರಣವೀಳ್ಯ. ಅದನ್ನೇ ಮುಂಬಯಿಯ ಪಾತಕಿಗಳು ಕೊಲೆಯ ಗುತ್ತಿಗೆಗೆ ಇಟ್ಟುಕೊಂಡರು, ಪೇಪರಿನವರು ಊರೂರಿಗೆ ಮುಟ್ಟಿಸಿದರು. ನಾವು ಬೆಳೆದದ್ದು ಅದಕ್ಕಲ್ಲ.

ಪಕ್ಷ ಕಟ್ಟಿದ ಕಳೆಗಳು

ಗೊಬ್ಬರದ ಸೊಪ್ಪಿಗೆ ನಾವು ಹೋಗುವುದು ಕುಮ್ಕಿಗೆ. ಕುಮಕಿ ಅಂದರೆ ಪಾರಸಿಯಲ್ಲಿ ನೆರವು. ನಮ್ಮ ವರ್ಗದ ಜಾಗಕ್ಕೆ ತಾಗಿದ, ಸೊಪ್ಪು ಸೌದೆಗೆ ನೆರವಾಗುವ ಸರಕಾರಿ ಜಾಗ. ಕಾಡಾನೆ ಹಿಡಿಯಲಿಕ್ಕೆ ತರುವ ಕುಮ್ಕಿ ಆನೆಗೂ ಅದೇ ಹೆಸರು, ಅದೂ ನೆರವಿಗೆ ಬಂದದ್ದೇ. ಈ ಕುಮ್ಕಿಯಲ್ಲಿ ಈಗ ಹೆಚ್ಚು ಸಿಗುವುದು ‘ಕಮ್ಯುನಿಸ್ಟ್ ಸೊಪ್ಪು’. ಕೇರಳದಲ್ಲೂ ಅದು ಕಮ್ಯುನಿಸ್ಟ್ ಪಚ್ಚ. ಕಡಿದಷ್ಟೂ ಚಿಗುರುತ್ತದೆ, ಬಿಟ್ಟಲ್ಲೆಲ್ಲ ಹರಡುತ್ತದೆ. ಬಯಲುಸೀಮೆಯಲ್ಲಿ ಪಾರ್ಥೇನಿಯಂಗೆ ‘ಕಾಂಗ್ರೆಸ್ ಗಿಡ’ ಅನ್ನುತ್ತಾರೆ. ಬಿಳಿ ಹೂವು ಬಿಳಿ ಟೊಪ್ಪಿಯ ಹಾಗೆ ಕಾಣುತ್ತದೆ ಅಂತ ಕೆಲವರು. ಆ ಪಕ್ಷದ ಸರಕಾರ ಇದ್ದಾಗ ಅಮೇರಿಕದ ಗೋಧಿಯೊಂದಿಗೆ ಬಂತು ಅಂತ ಕೆಲವರು. ಎರಡು ಪಕ್ಷದವರೂ ಬೇಸರ ಮಾಡಬೇಕಾಗಿಲ್ಲ, ಕಳೆಗಳು ಓಟು ಕೇಳುವುದಿಲ್ಲ. ಕಮ್ಯುನಿಸ್ಟ್ ಸೊಪ್ಪು ಗೊಬ್ಬರಕ್ಕೆ ಒಳ್ಳೆಯದು, ಹೂ ಬಿಡುವ ಮೊದಲು ಕಡಿಯಬೇಕು. ಕಾಂಗ್ರೆಸ್ ಗಿಡ ಮುಟ್ಟಿದರೆ ಹಲವರಿಗೆ ಮೈ ತುರಿಸುತ್ತದೆ. ಹೊಸಬ ಕೆಲಸಗಾರನಿಗೆ ಎರಡನ್ನೂ ತೋರಿಸಿ ಹೆಸರು ಹೇಳುವುದು ಕ್ಷೇಮ.

ಸ್ಥಳೀಯ ತಳಿಗೆ ನಾವು ‘ಊರಿನದು’ ಅನ್ನುತ್ತೇವೆ. ಮೈಸೂರು ಕಡೆ ‘ನಾಟಿ’, ಗದಗದವರಿಗೆ ‘ಜವಾರಿ’. ಹೊರಗಿನಿಂದ ಬಂದದ್ದಕ್ಕೆಲ್ಲ ಹಿಂದಿನವರು ‘ಸೀಮೆ’ ಸೇರಿಸಿದರು: ಸೀಮೆಎಣ್ಣೆ, ಸೀಮೆಹಸು. ರಸಗೊಬ್ಬರಕ್ಕೆ ಬಯಲುಸೀಮೆಯಲ್ಲಿ ‘ಸರ್ಕಾರಿ ಗೊಬ್ಬರ’ ಅಂತ ಇನ್ನೂ ಹೇಳುವವರಿದ್ದಾರೆ.

ಇಂಥದ್ದೇ ಇನ್ನೊಂದು ಮಾತಿನಿಂದ ನನ್ನ ನೆರೆಯವರು ಮೋಸ ಹೋಗುವುದರಲ್ಲಿದ್ದರು. ವಿಟ್ಲದ ಸಂಶೋಧನಾ ಕೇಂದ್ರದ ಮಂಗಳ ತಳಿ 1972ರಲ್ಲಿ ಬಿಡುಗಡೆಯಾದದ್ದು. ಅದರ ಮರಗಳನ್ನೇ ಪರಸ್ಪರ ಪರಾಗಸ್ಪರ್ಶ ಮಾಡಿಸಿ ತೆಗೆದದ್ದು ‘ಇಂಟರ್‌ಸೇ ಮಂಗಳ’. ಇಂಟರ್‌ಸೇ ಅಂದರೆ ಲ್ಯಾಟಿನಿನಲ್ಲಿ ‘ತಮ್ಮತಮ್ಮೊಳಗೆ’. ನಮ್ಮ ಬಾಯಲ್ಲಿ ‘ಸೇ’ ಉದುರಿ ಇಂಟರ್ ಮಂಗಳ ಆಯಿತು. ಇಂಟರ್ ಅಂದ ಮೇಲೆ ಬೇರೆ ತಳಿಯೊಂದಿಗೆ ಮಾಡಿದ ಮಿಶ್ರತಳಿ ಇರಬೇಕು ಅಂತ ಹಲವರ ಲೆಕ್ಕ. ನರ್ಸರಿಯೊಂದರಲ್ಲಿ ಅವರಿಗೆ, ಊರಿನ ತಳಿಯೂ ಮಂಗಳವೂ ಬೆರೆತ ತೋಟದಿಂದ ಹೆಕ್ಕಿದ ಬೀಜದ ಸಸಿಯನ್ನು ‘ಇದೂ ಇಂಟರ್ ಮಂಗಳವೇ’ ಅಂತ ಹೇಳಿ ಕೊಡಲಿಕ್ಕೆ ನೋಡಿದ್ದರು. ಬೆರಕೆಯಾದದ್ದೆಲ್ಲ ಇಂಟರ್ ಅಲ್ಲ. ಅಡ್ವಾನ್ಸು ಕೊಡುವ ಮೊದಲು ನನ್ನ ಹತ್ತಿರ ಕೇಳಿದ್ದಕ್ಕೆ ಉಳಿದರು. ಅಡಿಕೆ ನೆಟ್ಟವನಿಗೆ ತಪ್ಪು ಗೊತ್ತಾಗುವುದು ಫಲ ಬಂದ ಮೇಲೆ, ಐದಾರು ವರ್ಷ ಕಳೆದು.

ಸತ್ತ 240ರ ಬದಲಿಗೆ ಮರುವರ್ಷ 300 ಬೀಜ ಮೊಳಕೆಗೆ ಹಾಕಿದೆ. ತೊಟ್ಟೆಗೆ ಮಣ್ಣು ತುಂಬಿಸಿದ್ದು ಅದೇ ಹುಡುಗ. ‘ನನ್ನ ಕೈಯಾಗ ಸತ್ತಾವ, ನನ್ನ ಕೈಯಾಗೇ ಏಳ್ಲಿ ರೀ’ ಅಂದ. 270ರಷ್ಟು ಎದ್ದವು. ಮೊದಲ ಬೋರ್ಡೋಕ್ಕೆ ಬಕೆಟ್ಟುಗಳ ಎದುರು ನಿಲ್ಲಿಸಿ, ಬೆರಳು ತೋರಿಸಿ ಹೇಳಿದೆ, ಇದು, ಮತ್ತು ಇದು, ಇಷ್ಟೇ. ಸ್ಪ್ರೇಯರಿನ ಎಣ್ಣೆಗೆ ಈಗ ನಾವಿಬ್ಬರೂ ‘ಆಯಿಲ್’ ಅನ್ನುತ್ತೇವೆ. ಕನ್ನಡ ಅಭಿಮಾನಿಗಳು ಕ್ಷಮಿಸಬೇಕು. ಕಳೆನಾಶಕ ಶೆಡ್ಡಿನಿಂದ ಹೊರಬಿದ್ದಿದೆ, ಬೀಗದ ಪೆಟ್ಟಿಗೆಯಲ್ಲಿ ಇದೆ, ಕೀ ಹೆಂಡತಿಯ ಹತ್ತಿರ.

ನನ್ನ ಪುಸ್ತಕದ ಹಿಂದೆ ಈಗ ಹನ್ನೊಂದು ಹಾಳೆ ತುಂಬಿದೆ. ಬೋರ್ಡೋಗೆ, ಹುಳದ ವಿಷಕ್ಕೆ, ಹುಲ್ಲಿನ ವಿಷಕ್ಕೆ ನಿಮ್ಮೂರಿನಲ್ಲಿ ಏನು ಹೇಳುತ್ತಾರೆ? ನಿಮ್ಮಲ್ಲಿಗೆ ಕೆಲಸಕ್ಕೆ ಬರುವ ಹೊರಗಿನವರು ಏನು ಹೇಳುತ್ತಾರೆ? ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಹಾಕಿ. ಊರಿನ ಹೆಸರು ಬರೆಯಲು ಮರೆಯಬೇಡಿ. ‘ಎಣ್ಣಿ’ ಮಾತ್ರ ಬೇಡ, ಅದು ಮೊದಲ ಹಾಳೆಯಲ್ಲೇ ಉಂಟು.